ಮೋಡ ಬಂದರೆ ಮುನಿಯುವ ಸರ್ವರ್

ಆ ಮುದ್ರಣಾಲಯದಲ್ಲಿ ಎಲ್ಲರೂ ಅವಳನ್ನು ಪಿಸು ಎಂದೇ ಕರೆಯುತ್ತಿದ್ದರು. ಹೆಸರಿಟ್ಟವನು ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಪುಟದಣ್ಣ. ಕೆಲಸಕ್ಕೆ ಸೇರಿದ ದಿನವೇ ಅವಳು ಅವನ ಬೆನ್ನ ಹಿಂದೆ ನಿಂತು ಏನೋ ಹೇಳಿದಳು. ಅವನು ‘ಆಂ?’ ಎಂದ. ಇನ್ನೊಮ್ಮೆ ಹೇಳಿದಳು. ಮತ್ತೆ ‘ಆಂ?’ ಎಂದ. ಕೊನೆಗೆ ಕಾಗದದ ಚೂರೊಂದರ ಮೇಲೆ ‘ನೀವು ನನ್ನ ಚೀಲದ ಮೇಲೆ ಕೂತಿದ್ದೀರಿ’ ಎಂದು ಬರೆದು ಅವನ ಮೂಗಿನ ಮುಂದೆ ಹಿಡಿದಳು. ಅಂದಿನಿಂದ ಪಿಸುಮಾತು, ಬರಬರುತ್ತಾ ಬರೀ ಪಿಸು.

ಅಲ್ಲಿ ಮಾತೆಂದರೆ ಕೂಗು. ಒಂದು ಕಡೆ ಮುದ್ರಣಯಂತ್ರ ದಡಬಡ, ಇನ್ನೊಂದು ಕಡೆ ಕಾಗದ ಕತ್ತರಿಸುವ ಯಂತ್ರ ಗಕ್ ಗಕ್. ‘ಟೀ ಕುಡೀತೀಯಾ?’ ಎನ್ನುವುದನ್ನೂ ಜಗಳಕ್ಕೆ ಕರೆದಂತೆ ಕೇಳಬೇಕಿತ್ತು. ಮಾಲೀಕ ಪಿಸುವಿನ ಸೋದರಮಾವ. ಅವನ ದನಿ ಯಂತ್ರಗಳನ್ನೂ ಮೀರಿಸಿ ಬೀದಿಯ ಆಚೆ ಬದಿಗೆ ಕೇಳಿಸುತ್ತಿತ್ತು. ಇಂಥವರ ನಡುವೆ ಅವಳು ನೆಮ್ಮದಿಯಾಗಿದ್ದದ್ದು ಎಲ್ಲರ ಪುಟಗಳನ್ನೂ ಒಂದೆಡೆ ಇಟ್ಟುಕೊಂಡು ಕೇಳಿದವರಿಗೆ ಕೊಡುವ ಸರ್ವರ್ ಇದ್ದ ಮೂಲೆಯಲ್ಲಿ ಮಾತ್ರ. ಅದರ ಜೊತೆ ಬೆರಳಿನಲ್ಲೇ ಮಾತಾಡಬಹುದಿತ್ತು, ಮತ್ತು ಅದು ‘ಆಂ?’ ಎನ್ನುತ್ತಿರಲಿಲ್ಲ.

ಆ ಸರ್ವರನ್ನು ಅವಳೇ ಕೂಡಿಸಿದ್ದಳು. ಮೊದಲಿದ್ದ ಹಳೆಯ ಡಬ್ಬ ಮುದಿಯಾಗಿ ಉಬ್ಬಸಪಡುತ್ತಿತ್ತು. ಪುಸ್ತಕಗಳ ಪುಟಗಳೆಲ್ಲ ಇದ್ದ ದೊಡ್ಡ ಡಿಸ್ಕನ್ನು ಅದರಿಂದ ಬಿಚ್ಚಿ ಹೊಸದಕ್ಕೆ ಹಾಕಿದಳು, ಹೊಸದರಲ್ಲಿ ಅದನ್ನು ನಡೆಸುವ ಲಿನಕ್ಸ್ ತಂತ್ರಾಂಶ ಕೂರಿಸಿದಳು, ಹಳೆಯದಕ್ಕೆ ಜಾಲದಲ್ಲಿ ಇದ್ದ ನಂಬರನ್ನೇ ಹೊಸದಕ್ಕೂ ಕೊಟ್ಟಳು. ಹೊಸ ನಂಬರು ಕೊಟ್ಟಿದ್ದರೆ ಒಬ್ಬೊಬ್ಬರ ಮೇಜಿಗೂ ಹೋಗಿ ‘ಸ್ವಲ್ಪ ಏಳ್ತೀರಾ, ಸೆಟ್ಟಿಂಗ್ ಬದಲಾಯಿಸಬೇಕು’ ಎಂದು ಹೇಳಬೇಕಾಗುತ್ತಿತ್ತು. ಅದಕ್ಕಿಂತ ಇಡೀ ಲಿನಕ್ಸನ್ನೇ ಕೈಯಲ್ಲಿ ಬರೆ ಅಂದಿದ್ದರೆ ಅವಳು ಖುಷಿಯಾಗಿ ಬರೆಯುತ್ತಿದ್ದಳು. ಹಳೆಯ ಡಬ್ಬವನ್ನು ಉಗ್ರಾಣಕ್ಕೆ ಹಾಕಿ ಎಂದು ಮಾವ ಯಾರಿಗೋ ಕೂಗಿ ಹೇಳಿದ. ಅಲ್ಲಿಗೆ ಅದರ ಕಥೆ ಮುಗಿಯಿತೆಂದು ಎಲ್ಲರೂ ಮರೆತರು.

ಕೆಲವು ದಿನ ಎಲ್ಲವೂ ಸಲೀಸಾಗಿ ನಡೆಯಿತು. ಆಮೇಲೆ ಶುರುವಾಯಿತು ಕಾಟ.

ಪುಟದಣ್ಣ ಪುಟ ಉಳಿಸಲು ಹೋದರೆ ಫೋಲ್ಡರೇ ಮಾಯ. ಅದೇ ಹೊತ್ತಿಗೆ ಅಚ್ಚಿನ ಪ್ಲೇಟು ತೆಗೆಯುವ ಕಂಪ್ಯೂಟರಿನಲ್ಲಿ ಅದೇ ಫೋಲ್ಡರು ಹಲ್ಲು ಕಿರಿಯುತ್ತಾ ಕೂತಿರುತ್ತಿತ್ತು. ಇನ್ನೇನು ಪಿಸು ಬಂದು ನೋಡಬೇಕು ಅನ್ನುವಷ್ಟರಲ್ಲಿ ಇವನಿಗೆ ಸಿಕ್ಕಿತು, ಪ್ಲೇಟಿನವರಿಗೆ ಹೋಯಿತು. ಒಂದೊಂದು ದಿನ ಬೆಳಗಿನಿಂದ ಸಂಜೆವರೆಗೆ ತುಟಿಪಿಟಕ್ಕೆನ್ನದೆ ದುಡಿಯಿತು. ಒಂದೊಂದು ದಿನ ಕುಂಟುವುದೇ ಕೆಲಸ. ಪಿಸು ತಂತಿ ಬದಲಿಸಿದಳು. ಎಲ್ಲ ತಂತಿಗಳೂ ಬಂದು ಸೇರುವ ಸ್ವಿಚ್ಚಿನಲ್ಲಿ ತೂತು ಬದಲಿಸಿದಳು. ವಿದ್ಯುತ್ ಉಳಿಸಲು ಜಾಲದ ಕಾರ್ಡು ನಿದ್ದೆ ಹೋಗುತ್ತಿದೆಯೇನೋ ಎಂದು ಅದರ ನಿದ್ದೆ ಕೆಡಿಸಿದಳು. ಸರ್ವರಿನ ದಾಖಲೆ ತೆಗೆದು ನೋಡಿದರೆ ಸಂಪರ್ಕ ಒಮ್ಮೆಯೂ ಕಡಿದಿಲ್ಲ. ‘ನಾನಿಲ್ಲೇ ಇದ್ದೀನಲ್ಲ, ನನ್ನನ್ಯಾಕೆ ಅಂತೀರಿ?’ ಎನ್ನುವ ಹಾಗಿತ್ತು ಅದರ ಮುಖ.

‘ನಾ ಹೇಳ್ತೀನಿ ಕೇಳು ಪಿಸು,’ ಎಂದ ಪುಟದಣ್ಣ. ‘ನಿನ್ನ ಸರ್ವರ್‌ಗೆ ಮೋಡ ಕಂಡ್ರೆ ನೆಗಡಿ. ಬಿಸಿಲಿದ್ದ ದಿನ ಕುದುರೆ ಥರ ಓಡುತ್ತೆ. ಮೋಡ ಆಯ್ತೋ, ಮುಸುಕು ಹೊದ್ಕೊಂಡು ಮಲಗುತ್ತೆ.’

ಪಿಸು ನಕ್ಕಳು. ಅವಳಿಗೆ ದಾಖಲೆಯ ಮೇಲೆ ನಂಬಿಕೆ, ಆಕಾಶದ ಮೇಲಲ್ಲ.

ಮಕ್ಕಳ ಒಗಟಿನ ಪುಸ್ತಕ ಅಚ್ಚಿಗೆ ಹೋಗಬೇಕಾದ ದಿನ ಬೆಳಿಗ್ಗೆಯೇ ಕಿಟಕಿಯಾಚೆ ಬೂದುಬಣ್ಣ ಕವಿದಿತ್ತು. ಪುಟದಣ್ಣ ಮೂರನೇ ಸಲ ‘ಹೋಯ್ತೋ!’ ಎಂದು ಕೂಗಿದಾಗ ಮಾವ ತಗಡಿನ ಬಿಸ್ಕತ್ತು ಡಬ್ಬಿಯೊಂದನ್ನು ತಂದು ಸರ್ವರಿನ ತಲೆಯ ಮೇಲೆ ಧಡ್ ಎಂದು ಇಟ್ಟ. ಒಳಗೆ ಪೆನ್‌ಡ್ರೈವುಗಳು ಗಲಗಲ ಎಂದವು.

‘ನೋಡಮ್ಮಾ, ಪ್ರಕಾಶಕರು ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ದಾರೆ. ನನಗೆ ನಿನ್ನ ಮೇಲೆ ಕೋಪ ಇಲ್ಲ. ಸಂಜೆಯೊಳಗೆ ಇದು ನೆಟ್ಟಗಾಯ್ತೋ, ಸರಿ. ಇಲ್ಲಾಂದ್ರೆ ನಾಳೆಯಿಂದ ಹಳೇ ಕಾಲದ ಹಾಗೆ ಪೆನ್‌ಡ್ರೈವ್ ಹಿಡ್ಕೊಂಡು ಓಡಾಡ್ತೀವಿ. ನೀನು ಮುಂದಿನ ಮೇಜಲ್ಲಿ ಕೂತು ಫೋನ್ ತಗೋ.’

ಫೋನ್! ಗುರುತಿಲ್ಲದವರ ಜೊತೆ, ದಿನವಿಡೀ, ಗಟ್ಟಿಯಾಗಿ! ಮನೆಗೆ ಫೋನ್ ಬಂದರೆ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಳ್ಳುವವಳು ಅವಳು.

‘ಆಗುತ್ತೆ ಮಾವ,’ ಎಂದಳು.

‘ಆಂ?’

ಅವಳು ತಲೆಯಾಡಿಸಿ ತೋರಿಸಿದಳು.

ಪುಟದಣ್ಣನ ಮೇಜಿಗೆ ಹೋಗಿ ಅವನನ್ನು ಎಬ್ಬಿಸದೆಯೇ ಬದಿಯಿಂದ ಕೈ ಚಾಚಿ ಪಿಂಗ್ ಆಜ್ಞೆ ಕೊಟ್ಟಳು. ಅದು ಸರ್ವರನ್ನು ಬಿಡದೆ ಕೂಗುತ್ತಾ ಹೋಗುವ ಆಜ್ಞೆ. ಪ್ರತಿ ಕೂಗಿಗೂ ಓಗೊಟ್ಟರೆ ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ. ಸಾಲುಗಳು ಮೂಡುತ್ತಲೇ ಇದ್ದವು. ಫೋಲ್ಡರು ಮಾತ್ರ ಇಲ್ಲ. ಕೂಗಿದರೆ ಒಳಗಿನಿಂದ ‘ಓ’ ಎನ್ನುತ್ತಾರೆ, ಬಾಗಿಲು ತಳ್ಳಿದರೆ ಮನೆಯೇ ಖಾಲಿ!

ಅವಳು ತನ್ನ ಮೂಲೆಗೆ ಓಡಿದಳು. ಸರ್ವರಿನ ಪರದೆಯ ಮೇಲೆ ಒಳಗೆ ಬರುವ ಕೂಗುಗಳನ್ನೆಲ್ಲ ತೋರಿಸುವ ಇನ್ನೊಂದು ಆಜ್ಞೆ ಕೊಟ್ಟು ಕಾದಳು. ಪ್ಲೇಟಿನ ಕಂಪ್ಯೂಟರಿನ ಕೂಗು ಬರುತ್ತಿತ್ತು. ಮಾವನ ಮೇಜಿನದೂ ಬರುತ್ತಿತ್ತು. ಪುಟದಣ್ಣನದು ಒಂದೂ ಇಲ್ಲ.

ಎದ್ದು ನಿಂತು ಇಣುಕಿ ನೋಡಿದಳು. ಅವನ ಪರದೆಯ ಮೇಲೆ ಉತ್ತರಗಳು ಪುತಪುತನೆ ಬೀಳುತ್ತಿವೆ. ಅವನು ಕೂಗುತ್ತಿದ್ದಾನೆ, ಇವಳ ಸರ್ವರಿಗೆ ಕೇಳಿಸಿಲ್ಲ, ಆದರೂ ಉತ್ತರ ಹೋಗುತ್ತಿದೆ. ಹಾಗಾದರೆ ಓಗೊಡುತ್ತಿರುವವರು ಯಾರು?

ಪಿಸುವಿನ ಕೈಕೂದಲು ನೆಟ್ಟಗಾಯಿತು. ಆಮೇಲೆ, ಆ ಭಯದ ಹಿಂದಿನಿಂದಲೇ, ಒಂದು ನಗು ಇಣುಕಿತು. ಅಜ್ಜಿಮನೆಯಲ್ಲಿ ಯಾರಾದರೂ ‘ಚಿಕ್ಕೀ’ ಎಂದು ಕೂಗಿದರೆ ಇಬ್ಬರು ಚಿಕ್ಕಮ್ಮಂದಿರೂ ‘ಓ’ ಎನ್ನುತ್ತಿದ್ದರು. ಯಾರು ಮೊದಲು ಓಗೊಟ್ಟರೋ ಅವರಿಗೆ ಕಾಫಿ. ಇನ್ನೊಬ್ಬರಿಗೆ ಸಿಟ್ಟು.

ಜಾಲದಲ್ಲಿ ‘ಈ ನಂಬರಿನವರು ಯಾರು?’ ಎಂದು ಎಲ್ಲರನ್ನೂ ಒಟ್ಟಿಗೆ ಕೇಳುವ ಆಜ್ಞೆಯೂ ಇದೆ. ಪುಟದಣ್ಣನ ಮೇಜಿನಿಂದ ಅದನ್ನು ಕೇಳಿದಳು. ಒಂದು ಪ್ರಶ್ನೆಗೆ ಒಂದು ಉತ್ತರ ಬರಬೇಕು. ಎರಡು ಬಂದವು. ಒಂದರ ಜೊತೆ ಬಂದ ಜಾಲದ ಕಾರ್ಡಿನ ಗುರುತುಸಂಖ್ಯೆ ತನ್ನ ಸರ್ವರಿನದು, ಅವಳಿಗೆ ಬಾಯಿಪಾಠ. ಇನ್ನೊಂದು ಯಾವುದೋ ಅಪರಿಚಿತ.

‘ಏನದು?’ ಎಂದ ಪುಟದಣ್ಣ.

‘ಇಬ್ಬರು ಚಿಕ್ಕಮ್ಮಂದಿರು,’ ಎಂದಳು ಪಿಸು.

‘ಆಂ?’

ವಿವರಿಸಲು ಪುರುಸೊತ್ತಿರಲಿಲ್ಲ. ಆ ಎರಡನೆಯವರು ಇರುವುದೆಲ್ಲಿ ಎಂದು ಹುಡುಕಬೇಕಿತ್ತು. ಸ್ವಿಚ್ಚಿಗೆ ಬಂದು ಸೇರುವ ತಂತಿಗಳಿಗೆ ಯಾರೂ ಹೆಸರು ಬರೆದಿರಲಿಲ್ಲ. ಗೋಡೆಯ ತೂತಿನಿಂದ ಹೊರಬಂದ ಒಂದು ಹಿಡಿ ನೀಲಿ ತಂತಿ, ಅಷ್ಟೆ. ಒಂದೊಂದಾಗಿ ಕಿತ್ತು, ಯಾವುದನ್ನು ಕಿತ್ತಾಗ ಎರಡನೆಯ ಉತ್ತರ ನಿಲ್ಲುತ್ತದೆಂದು ನೋಡಬೇಕು. ಆದರೆ ಹಾಗೆ ಕೀಳುವಾಗ ಯಾರಾದರೂ ಪುಟ ಉಳಿಸುತ್ತಿದ್ದರೆ ಒಗಟಿನ ಪುಸ್ತಕದ ಗತಿ ಅಧೋಗತಿ. ಮೊದಲು ಎಲ್ಲರೂ ಕೈ ಎತ್ತಬೇಕು. ಅಂದರೆ ಎಲ್ಲರಿಗೂ ಹೇಳಬೇಕು. ಚೀಟಿ ಬರೆದು ಮೇಜಿನಿಂದ ಮೇಜಿಗೆ ಹಂಚೋಣವೇ ಎಂದು ಒಂದು ಗಳಿಗೆ ಯೋಚಿಸಿದಳು. ಅಷ್ಟರಲ್ಲಿ ಮುಂದಿನ ಮೇಜಿನ ಮೇಲೆ ಫೋನು ಟ್ರಿಣ್ ಟ್ರಿಣ್ ಎಂದಿತು.

ಅದು ತನ್ನನ್ನೇ ಕರೆಯುತ್ತಿದೆ ಎನ್ನಿಸಿತು. ಪಿಸು ಸ್ಟೂಲು ಹತ್ತಿ ನಿಂತಳು.

‘ಯಾರೂ ಏನೂ ಮುಟ್ಟಬೇಡೀ! ಎಲ್ಲಾರೂ ಕೆಲಸ ಉಳಿಸಿ ಕೈ ಎತ್ತಿ!’

ಆ ದನಿ ಎಲ್ಲಿತ್ತೋ, ಯಾರ ಗಂಟಲಿನಿಂದ ಬಂತೋ. ಮುದ್ರಣಯಂತ್ರದವನು ಯಂತ್ರ ನಿಲ್ಲಿಸಿದ. ಕತ್ತರಿಸುವವನು ಎರಡೂ ಕೈ ತಲೆಯ ಮೇಲೆ ಎತ್ತಿದ. ಮಾವ ಎತ್ತಿದ ಫೋನನ್ನು ಮಾತಾಡದೆ ಕೆಳಗಿಟ್ಟ.

‘ಅಯ್ಯೋ ಪಿಸೂ, ನಿನ್ನ ಹೊಟ್ಟೇಲಿ ನಮ್ಮ ಯಜಮಾನ್ರು ಕೂತಿದ್ರಾ?’ ಎಂದ ಪುಟದಣ್ಣ.

‘ಅಣ್ಣಾ, ಆಮೇಲೆ ನಗು. ಈಗ ಪರದೆ ನೋಡ್ತಾ ಇರು. ಎರಡು ಎರಡು ಸಾಲು ಬರ್ತಿದೆಯಲ್ಲ, ಒಂದೊಂದೇ ಆದ ತಕ್ಷಣ ಕೂಗು.’

‘ನೀನೂ ಕೂಗು, ನಾನೂ ಕೂಗ್ತೀನಿ. ಸರಿ, ಕೀಳು!’

ಅವಳು ಒಂದು ತಂತಿ ಕಿತ್ತಳು. ‘ಎರಡು!’ ಎಂದ. ಮತ್ತೆ ಸಿಕ್ಕಿಸಿ ಇನ್ನೊಂದು ಕಿತ್ತಳು. ‘ಎರಡೇ!’ ಮತ್ತೊಂದು. ‘ಇನ್ನೂ ಎರಡು, ಬಿಡೋ ಹಾಗೆ ಕಾಣಲ್ಲ ಈ ಮಹಾತಾಯಿ!’ ಧೂಳು ಹಿಡಿದು ಮೂಲೆಗೆ ಅಂಟಿಕೊಂಡಿದ್ದ ಒಂದು ತಂತಿ ಕಿತ್ತಾಗ ಅವನು ಕುರ್ಚಿಯಿಂದಲೇ ಎಗರಿದ. ‘ಒಂದು! ಒಂದೇ ಒಂದು! ಫೋಲ್ಡರೂ ಬಂತು!’

ಪಿಸು ಆ ತಂತಿಯನ್ನು ಕಣ್ಣಿನಲ್ಲೇ ಹಿಂಬಾಲಿಸಿದಳು. ಅದು ಗೋಡೆ ಹತ್ತಿ, ಮೂಲೆ ತಿರುಗಿ, ಬೈಂಡಿಂಗ್ ಕೋಣೆಯೊಳಗೆ ಹೋಗಿತ್ತು. ಹಿಂದೆಂದೋ ಅಲ್ಲೊಂದು ಕಂಪ್ಯೂಟರ್ ಇಡಬೇಕೆಂದು ಮಾವ ತಂತಿ ಎಳೆಸಿದ್ದ. ಕಂಪ್ಯೂಟರ್ ಬರಲಿಲ್ಲ, ಅದರ ಜಾಗಕ್ಕೆ ಅಂಟಿನ ಡಬ್ಬಿಗಳು ಬಂದವು.

ಎಲ್ಲರೂ ಮೆರವಣಿಗೆಯಂತೆ ಅಲ್ಲಿಗೆ ಹೋದರು. ಬೈಂಡಿಂಗ್ ಕೋಣೆಯ ಒಡತಿ ಅಂಟಕ್ಕ. ಮುಂಗೈತನಕ ಅಂಟು ಬಳಿದುಕೊಂಡು, ಪುಸ್ತಕದ ಬೆನ್ನಿಗೆ ಬ್ರಶ್ಶು ಎಳೆಯುತ್ತಾ ಕೂತಿದ್ದಳು.

‘ಏನ್ರೀ, ಮದುವೆ ದಿಬ್ಬಣದ ಹಾಗೆ ಬಂದ್ರಿ? ನಾನೂ ಕೈ ಎತ್ತಬೇಕಾ? ಎತ್ತಿದ್ರೆ ಅಂಟು ತೊಟ್ಟಿಕ್ಕುತ್ತೆ.’

ಅವಳ ಹಿಂದಿನ ಹಲಗೆಯ ಮೇಲೆ ಹೊಸದಾಗಿ ಅಂಟು ಹಚ್ಚಿದ ಪುಸ್ತಕಗಳು ಸಾಲಾಗಿ ಬೆನ್ನು ತಿರುಗಿಸಿ ನಿಂತಿದ್ದವು, ಸ್ನಾನ ಮಾಡಿ ತಲೆ ಒಣಗಿಸಿಕೊಳ್ಳುವ ಅಕ್ಕತಂಗಿಯರ ಹಾಗೆ. ಅವುಗಳಿಗೆ ಎದುರಾಗಿ, ತನ್ನ ಹಿಂಭಾಗದ ಫ್ಯಾನಿನಿಂದ ಬಿಸಿಗಾಳಿ ಬಿಡುತ್ತಾ, ಉಬ್ಬಸದಲ್ಲೂ ಸಂತೋಷವಾಗಿ, ಹಳೆಯ ಸರ್ವರ್ ಕೂತಿತ್ತು.

‘ಇದು ಉಗ್ರಾಣದಲ್ಲಿ ಇರಬೇಕಿತ್ತಲ್ಲೇ!’ ಎಂದ ಮಾವ.

‘ಉಗ್ರಾಣದಲ್ಲಿ ಏನು ಕೆಲಸ ಅದಕ್ಕೆ? ಎತ್ಕೊಂಡು ಹೋಗೋವಾಗ ಬೆನ್ನು ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಬಿಸಿಲಿದ್ರೆ ನನಗೆ ಇದು ಬೇಡ, ಪುಸ್ತಕ ಕಿಟಕೀಲಿಡ್ತೀನಿ. ಮೋಡ ಆದ್ರೆ ಅಂಟು ಒಣಗ್ಬೇಕಲ್ಲಪ್ಪಾ, ಇದಕ್ಕೆ ಸ್ವಿಚ್ ಹಾಕ್ತೀನಿ.’

ಪುಟದಣ್ಣ ಎದೆ ಉಬ್ಬಿಸಿದ. ‘ಮೋಡ! ನಾ ಹೇಳ್ಲಿಲ್ವಾ, ಮೋಡ!’

ಪಿಸುವಿಗೆ ಒಂದೇ ಸಲಕ್ಕೆ ಎಲ್ಲವೂ ಹೊಳೆಯಿತು. ದೊಡ್ಡ ಡಿಸ್ಕನ್ನು ಬಿಚ್ಚಿದ್ದಳೇ ಹೊರತು ಒಳಗಿನ ಪುಟ್ಟ ಡಿಸ್ಕಿನಲ್ಲಿ ಹಳೆಯ ಲಿನಕ್ಸ್ ಹಾಗೇ ಇತ್ತು. ಎದ್ದ ಕೂಡಲೇ ಅದು ಪಾಪ ತನ್ನ ಹಳೆಯ ನಂಬರನ್ನೇ ಹೇಳಿಕೊಂಡು ‘ಓ’ ಎನ್ನುತ್ತಿತ್ತು. ಕೊಡಲು ಪುಟಗಳಿರಲಿಲ್ಲ, ಉತ್ಸಾಹಕ್ಕೆ ಮಾತ್ರ ಕೊರತೆಯಿರಲಿಲ್ಲ. ಕರೆಂಟಿನ ತಂತಿ ಸರಿ, ಆದರೆ...

‘ಅಕ್ಕಾ, ಈ ನೀಲಿ ತಂತಿ ಯಾಕೆ ಸಿಕ್ಕಿಸಿದ್ದೀಯ?’

‘ಮೆಶೀನು ಅಂದ್ಮೇಲೆ ಇರೋ ವೈರೆಲ್ಲ ಹಾಕಬೇಕಲ್ವಾ? ಅಲ್ಲೂ ಎರಡು ಇತ್ತು, ಇಲ್ಲೂ ಎರಡು ಹಾಕಿದೆ. ಅಲ್ಲಿ ನೋಡು, ಅದರ ಪಕ್ಕ ಹಸಿರು ದೀಪ ಮಿಣಕ್ ಮಿಣಕ್ ಅಂತಿತ್ತು. ಅದು ಮಿಣುಕಿದ್ರೆ ಅಂಟು ಒಣಗ್ತಿದೆ ಅಂತ ಲೆಕ್ಕ. ಈಗ ನೀವೇನೋ ಮಾಡಿ ಆರಿಸಿಬಿಟ್ರಿ.’

ಮೊದಲು ನಕ್ಕವನು ಮುದ್ರಣಯಂತ್ರದವನು. ಆಮೇಲೆ ತಡೆಯಲಾಗದೆ ಎಲ್ಲರೂ. ನಗದೆ ನಿಂತವರು ಇಬ್ಬರೇ: ದೀಪ ಆರಿದ ಬೇಸರದಲ್ಲಿ ಅಂಟಕ್ಕ, ಹುಬ್ಬು ಗಂಟಿಕ್ಕಿದ ಮಾವ.

‘ಎತ್ತಿ ಬಿಸಾಕಿ ಇದನ್ನ,’ ಎಂದ ಮಾವ.

‘ಬಿಸಾಕಿದ್ರೆ ನಿಮ್ಮ ಒಗಟಿನ ಪುಸ್ತಕ ನೀವೇ ಊದಿ ಒಣಗಿಸ್ಕೊಳ್ಳಿ,’ ಎಂದಳು ಅಂಟಕ್ಕ.

‘ಬೇಡ ಮಾವಾ,’ ಎಂದಳು ಪಿಸು. ಈ ಸಲ ‘ಆಂ?’ ಎನ್ನಲಿಲ್ಲ ಅವನು. ‘ತಪ್ಪು ಈ ಡಬ್ಬದ್ದಲ್ಲ. ಎರಡಕ್ಕೂ ಒಂದೇ ನಂಬರು ಕೊಟ್ಟೋಳು ನಾನು. ಇದು ಗಾಳಿ ಊದ್ಕೊಂಡು ಆರಾಮಾಗಿರಲಿ. ಈ ನೀಲಿ ತಂತಿ ಒಂದು ನನಗೆ ಕೊಡಿ ಸಾಕು.’ ಹಿಂಭಾಗಕ್ಕೆ ಕೈ ಹಾಕಿ ತಂತಿ ಕಿತ್ತುಕೊಂಡಳು. ಖಾಲಿಯಾದ ತೂತಿನ ಮೇಲೆ ಬೈಂಡಿಂಗ್ ಪಟ್ಟಿಯ ಒಂದು ತುಂಡಿಗೆ ಅಂಟಕ್ಕನ ಅಂಟನ್ನೇ ಹಚ್ಚಿ ಮೆತ್ತಿದಳು.

‘ಗಾಳಿ ಬರುತ್ತಾ?’ ಅಂಟಕ್ಕನ ಮುಖದಲ್ಲಿ ಇನ್ನೂ ಅನುಮಾನ.

‘ಬರುತ್ತಕ್ಕಾ. ಕೈ ಇಟ್ಟು ನೋಡು.’

ಮಾವ ಅಷ್ಟಕ್ಕೆ ಒಪ್ಪುವವನಲ್ಲ. ಮುದಿ ಡಬ್ಬವನ್ನು ಆರಿಸಿ ಮತ್ತೆ ಹಾಕಿಸಿದ. ಪುಟದಣ್ಣನನ್ನು ಅವನ ಮೇಜಿಗೆ ಅಟ್ಟಿ, ಒಂದಾದ ಮೇಲೊಂದು ಪುಟ ಉಳಿಸು ಎಂದ. ಕಿಟಕಿಯಾಚೆ ಮೋಡ ಇನ್ನಷ್ಟು ದಪ್ಪಗಾಯಿತು. ಫ್ಯಾನು ಉಬ್ಬಸಪಟ್ಟಿತು. ಪಿಸು ಬಾಗಿಲ ಚೌಕಟ್ಟಿಗೆ ಒರಗಿದಳು.

‘ಉಳೀತು!’ ಎಂದು ಒಳಗಿನಿಂದ ಕೂಗು ಬಂತು. ‘ಇದೂ ಉಳೀತು! ಮಾವಾ, ನಾಳೆ ರಜ ಕೊಡಿ, ಎಲ್ಲಾ ಉಳೀತು!’

‘ನಾನು ನಿನಗ್ಯಾವಾಗ ಮಾವ ಆದೆ?’ ಎಂದು ಗದರಿದ ಮಾವ, ಮೀಸೆಯ ಅಡಿಯಲ್ಲಿ ನಗು ಅಡಗಿಸಿಕೊಂಡು.

ಒಗಟಿನ ಪುಸ್ತಕದ ಪ್ಲೇಟುಗಳು ಮಧ್ಯಾಹ್ನವೇ ಇಳಿದವು. ಬೆಳಕಿರುವಾಗಲೇ ಯಂತ್ರ ದಡಬಡ ಎನ್ನುತ್ತಾ ಪುಟಗಳನ್ನು ಉಗುಳತೊಡಗಿತು. ಪಿಸು ತನ್ನ ಮೂಲೆಗೆ ಮರಳಿ ಸರ್ವರಿನ ತಲೆಯ ಮೇಲಿದ್ದ ಬಿಸ್ಕತ್ತು ಡಬ್ಬಿಯನ್ನು ಎತ್ತಿ ಮಾವನ ಮುಂದೆ ಹಿಡಿದಳು.

ಅವನು ಅದನ್ನು ತೂಗಿ ನೋಡಿ ಸೀದಾ ಬೈಂಡಿಂಗ್ ಕೋಣೆಗೆ ನಡೆದ. ಅಂಟು ಹಚ್ಚಿ ಪೇರಿಸಿದ್ದ ಪುಸ್ತಕಗಳ ಮೇಲೆ ಇಟ್ಟ. ಪೇರಿಕೆ ಸಣ್ಣಗೆ ನಿಟ್ಟುಸಿರುಬಿಟ್ಟು ಕುಗ್ಗಿತು.

‘ತೂಕಕ್ಕೆ ಹೇಳಿ ಮಾಡಿಸಿದ ಹಾಗಿದೆ,’ ಎಂದಳು ಅಂಟಕ್ಕ, ಬೆರಳಿನಿಂದ ಒತ್ತಿ ನೋಡುತ್ತಾ.

ಆಗ ಮುಂದಿನ ಮೇಜಿನ ಫೋನು ಮತ್ತೆ ಟ್ರಿಣ್ ಎಂದಿತು. ಎಲ್ಲರೂ ಪಿಸುವಿನ ಕಡೆ ತಿರುಗಿದರು.

‘ನಾನಲ್ಲ!’ ಎಂದು ಕಿರುಚಿ ಅವಳು ಸರ್ವರಿನ ಹಿಂದೆ ಅಡಗಿಕೊಂಡಳು. ಆ ಕೂಗು ಬೀದಿಯ ಆಚೆ ಬದಿಗೂ ಕೇಳಿಸಿತಂತೆ.