ಪ್ರಿಂಟರಿಗೊಂದು ಕಾಯಂ ನಂಬರು

"ಯಾರ್ರೀ ಅದನ್ನ ಮುಟ್ಟಿದ್ದು? ನನ್ನ ಕಂಪ್ಯೂಟರಲ್ಲಿ ನೆಟ್ಟೇ ಇಲ್ಲ!"

ಮ್ಯಾನೇಜರು ತಮ್ಮ ಕೋಣೆಯ ಬಾಗಿಲಲ್ಲೇ ನಿಂತು ಕೂಗಿದರು. ರಕ್ತಪರೀಕ್ಷೆಯ ಲ್ಯಾಬಿನ ಕೌಂಟರಿನಲ್ಲಿ ಕೂತಿದ್ದ ಟೈಪಿಸ್ಟ್ ಹುಡುಗಿ ಟೈಪು ಮಾಡುವುದನ್ನು ನಿಲ್ಲಿಸಿದಳು. ಮುಟ್ಟಿದ್ದು ಅವಳೇ.

ಕಪಾಟಿನ ಮೇಲೊಂದು ಪುಟ್ಟ ಪೆಟ್ಟಿಗೆಯಿತ್ತು. ಎಲ್ಲ ಕಂಪ್ಯೂಟರುಗಳೂ ಅದರ ಮೂಲಕವೇ ಪ್ರಿಂಟರಿಗೆ ರಿಪೋರ್ಟು ಕಳಿಸಬೇಕು. ಕರೆಂಟು ಹೋಗಿ ಬಂದಾಗಲೆಲ್ಲ, ನೆಟ್ಟು ಹಂಚುವ ರೂಟರು ಅದಕ್ಕೆ ಹೊಸ ನಂಬರು, ಅಂದರೆ ಹೊಸ ವಿಳಾಸ, ಕೊಡುತ್ತಿತ್ತು. ಕಂಪ್ಯೂಟರುಗಳು ಮಾತ್ರ ಹಳೆಯ ನಂಬರಿನ ಬಾಗಿಲನ್ನೇ ತಟ್ಟುತ್ತಿದ್ದವು. ಆಗ ರಿಪೇರಿಗೆಂದು ಮ್ಯಾನೇಜರ ಭಾವಮೈದುನ ಚೀಲ ಹೆಗಲಿಗೇರಿಸಿ ಬರಬೇಕು, ಸಲಕ್ಕೊಂದು ಬಿಲ್ಲು ಕೊಡಬೇಕು. ಅವನು ಬರುವವರೆಗೆ ಯಾರಿಗೂ ರಿಪೋರ್ಟಿಲ್ಲ. ನಿನ್ನೆ ಒಬ್ಬ ತಂದೆ ಜ್ವರದ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸಂಜೆಯವರೆಗೂ ಕಾದಿದ್ದ. ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಅವಳಿಗೆ ನಿದ್ದೆಯಾದರೂ ಬರುತ್ತಿತ್ತು.

ಅದಕ್ಕೇ ಇವತ್ತು ಬೇಗ ಬಂದು, ಸಂಜೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತ ಹಾಗೆ ಪೆಟ್ಟಿಗೆಗೊಂದು ಕಾಯಂ ನಂಬರು ಹಾಕಿದ್ದಳು. ಆ ನಂಬರು ಬೇರೆ ಯಾವ ಯಂತ್ರಕ್ಕಾದರೂ ಇದೆಯೇ ಎಂದು ಮತ್ತೆ ಮತ್ತೆ ಪರೀಕ್ಷಿಸಿದ್ದಳು, ಯಾವುದೂ ಓಗೊಟ್ಟಿರಲಿಲ್ಲ. ಮ್ಯಾನೇಜರ ಕಂಪ್ಯೂಟರು ಆಗಿನ್ನೂ ಆಫಾಗಿತ್ತೆಂಬುದು ಹೊಳೆಯಲೇ ಇಲ್ಲ. ಈಗ ಒಂದೇ ನಂಬರಿಗೆ ಪೆಟ್ಟಿಗೆಗೂ ಆ ಕಂಪ್ಯೂಟರಿಗೂ ಜಗಳ.

"ನಾನೇ ಸರ್. ನಿಮ್ಮ ನಂಬರನ್ನೇ ಪೆಟ್ಟಿಗೆಗೆ ಕೊಟ್ಬಿಟ್ಟಿದೀನಿ. ತಪ್ಪಾಯ್ತು."

"ನಾಲ್ಕು ದಿನ ಕ್ಲಾಸಿಗೆ ಹೋದ್ಲು, ದೊಡ್ಡ ಇಂಜಿನಿಯರು! ಮೊದ್ಲು ಹೆಂಗಿತ್ತೋ ಹಂಗೇ ಮಾಡು. ನಮ್ಮ ಭಾವಮೈದುನ ಬರ್ತಿದಾನೆ, ಅವ್ನು ನೋಡ್ಕೋತಾನೆ."

"ತಪ್ಪು ಸರಿ ಮಾಡ್ತೀನಿ ಸರ್. ಮೊದ್ಲಿನ ಹಂಗೆ ಮಾತ್ರ ಮಾಡಲ್ಲ."

ರಕ್ತ ತೆಗೆಯುವ ಸಿಸ್ಟರು ಹತ್ತಿರ ಬಂದು, "ಸುಮ್ನಿರೇ ಮಾರಾಯ್ತಿ, ಯಾಕೆ ಹುತ್ತಕ್ಕೆ ಕೈ ಹಾಕ್ತೀಯ?" ಎಂದು ಪಿಸುಗುಟ್ಟಿದಳು.

"ಹಾಕಾಯ್ತಲ್ಲಕ್ಕ. ಹಾವೂ ಹೊರಗೆ ಬಂತು."

ಬೆಂಚಿನಲ್ಲಿ ರಿಪೋರ್ಟಿಗೆ ಕಾಯುತ್ತಿದ್ದ ಮುದುಕಿಯೊಬ್ಬಳು ಕಿಸಕ್ಕೆಂದಳು. ಮ್ಯಾನೇಜರ ಕಿವಿ ಕೆಂಪಾಯಿತು.

"ನಿನ್ನ ಕೆಲ್ಸ ಇನ್ನೂ ಕಾಯಂ ಆಗಿಲ್ಲ, ನೆನಪಿರ್ಲಿ. ಕಾಯಂ ಮಾಡೋ ಕಾಗದ ನನ್ನ ಟೇಬಲ್ ಮೇಲಿದೆ."

"ನೆನಪಿದೆ ಸರ್."

ಅವಳು ಪರದೆಯ ಕಡೆ ತಿರುಗಿದಳು. ರೂಟರು ಹಂಚುವ ನಂಬರುಗಳಿಗೆ ಒಂದು ಗಡಿಯಿರುತ್ತದೆ. ಕಾಯಂ ನಂಬರನ್ನು ಆ ಗಡಿಯಾಚೆಯೇ ಆರಿಸಬೇಕು. ಕ್ಲಾಸಿನ ಮೇಷ್ಟರು ಬಾಯಿ ನೋಯುವಷ್ಟು ಹೇಳಿದ ಮಾತು ಬೆಳಿಗ್ಗೆ ಎಲ್ಲಿ ಹೋಗಿತ್ತೋ! ಗಡಿಯಾಚೆಯ ನಂಬರೊಂದನ್ನು ಹಾಕಿದಳು. ಕಂಪ್ಯೂಟರುಗಳಿಗೂ ಅದನ್ನೇ ತಿಳಿಸಿದಳು. ಕೋಣೆಯೊಳಗೆ ಹೋಗಿ ನೋಡಿ ಬಂದ ಮ್ಯಾನೇಜರು, "ನೆಟ್ಟು ಬಂತು. ಇನ್ನು ಮುಟ್ಟಬೇಡ" ಎಂದರು.

ಅವಳು ಎದ್ದು ಹೋಗಿ ರೂಟರಿನ ಪ್ಲಗ್ಗನ್ನೂ ಪೆಟ್ಟಿಗೆಯ ಪ್ಲಗ್ಗನ್ನೂ ಕಿತ್ತಳು.

"ಏಯ್, ಏನ್ಮಾಡ್ತಿದೀಯ?"

"ಕರೆಂಟು ತೆಗೀತಿದೀನಿ ಸರ್. ಹೇಗೂ ಹೋಗೋದೇ, ನಿಮ್ಮೆದುರಿಗೇ ಹೋಗ್ಲಿ."

ಮತ್ತೆ ಸಿಕ್ಕಿಸಿದಳು. ದೀಪಗಳು ಒಂದೊಂದಾಗಿ ಮಿನುಗಿದವು. ಭಾವಮೈದುನ ಚೀಲದೊಂದಿಗೆ ಬಾಗಿಲಲ್ಲಿ ಕಾಣಿಸಿಕೊಂಡ. ಅವಳು ಕೂತು ಪ್ರಿಂಟಿನ ಗುಂಡಿ ಒತ್ತಿದಳು. ಪ್ರಿಂಟರು ಸುಮ್ಮನಿತ್ತು. ಸಿಸ್ಟರು ಅವಳ ಭುಜ ಹಿಡಿದಳು. ಆಮೇಲೆ ಒಳಗೆಲ್ಲೋ ಉರುಳೆ ಗೊರಗೊರ ಎಂದು ತಿರುಗಿ, ಹಾಳೆಯೊಂದನ್ನು ಎಳೆದುಕೊಂಡಿತು.

ಕೌಂಟರಿಗೆ ಅಡ್ಡ ನಿಂತಿದ್ದ ಮ್ಯಾನೇಜರ ತೋಳಿನ ಪಕ್ಕದಿಂದ ಅವಳು ಹಾಳೆಯನ್ನು ಚಾಚಿದಳು. "ಅಜ್ಜಿ, ನಿಮ್ದು."

ಮುದುಕಿ ಬಿಸಿಯಾರದ ಕಾಗದವನ್ನು ಕೆನ್ನೆಗೊಮ್ಮೆ ಒತ್ತಿಕೊಂಡು ಹೊರಟಳು. ಭಾವಮೈದುನ ಚೀಲವನ್ನು ಮತ್ತೊಂದು ಹೆಗಲಿಗೆ ಹಾಕಿಕೊಂಡು, ಅಜ್ಜಿಗೆ ದಾರಿ ಬಿಟ್ಟ.