ಕಿಡಕ್ಯಾಗ ಮುಚ್ಚಿಟ್ಟ ಸಾರು

ಅಪ್ಪ ಮುಂಬೈಗೆ ಬರ್ತಾನಂತ ಗೊತ್ತಾದಾಗಿಂದ ನನಗ ಕೂಳು ಸೇರಲಿಲ್ಲ. ನಗೋರು ನಗ್ರಿ. ಮೀಸಿ ಬಂದ ಗಂಡಸು, ಮುಂಬೈದಂಥಾ ಊರಾಗ ಇಷ್ಟು ವರ್ಷ ಬಾಳೇ ಮಾಡಿದಾಂವ, ಗೊಳಸಂಗಿಯ ಒಬ್ಬ ಮುದುಕಗ ಅಂಜಿ ಸಾಯ್ತಾನಂದ್ರ! ಆದ್ರ ನಮ್ಮಪ್ಪ ಪರಪ್ಪನ್ನ ನೀವು ನೋಡಿಲ್ಲ. ಊರಾಗ ಹೊಲದ ಬದುವಿನ ಜಗಳ ಬಂತಂದ್ರ ಎರಡೂ ಕಡಿಯವರು ಅವನ ಹಂತ್ಯಾಕ ಬರ್ತಿದ್ರು. ಪರಪ್ಪ ಹೇಳಿದ್ದ ಖರೆ, ಮುಗೀತು, ಅಂತ ಎದ್ದು ಹೋಗ್ತಿದ್ರು. ಸುಳ್ಳು ಹೇಳಿ ಅವನಿಗೆ ರೂಢಿನ ಇರಲಿಲ್ಲ.

ಅಂಥವಗ ನಾ ಹೇಳಿದ್ದೇನು? "ಯಪ್ಪಾ, ನಾ ಒಂದು ಖಾನಾವಳ್ಯಾಗ ಗುಮಾಸ್ತ ಅದೇನಿ. ಶಾಕಾಹಾರಿ ಖಾನಾವಳಿ." ಅದರಾಗ ಖಾನಾವಳಿ ಅನ್ನೂದೊಂದು ಖರೆ. ಫೋರ್ಟ್ ಕಡೆ ಒಂದು ಓಣ್ಯಾಗಿನ ಹಳೇ ಫ್ರೆಂಚ್ ಬಿಸ್ತ್ರೋ ಅದು. ಬಿಸ್ತ್ರೋ ಅಂದ್ರೇನು ಮಹಾ, ಅವರ ಊರಿನ ಖಾನಾವಳಿ! ನಮ್ಮ ಮಾಲಕಿ ಮದಾಮಳ ಮಾವ ಇಂಗ್ರೇಜರ ಕಾಲದಾಗ ಚಾಲೂ ಮಾಡಿದ್ದಂತ. ಎಪ್ಪತ್ನಾಲ್ಕನೇ ಇಸ್ವ್ಯಾಗೂ ಅವ ಕರೀ ಕಟಗಿ ಕುರ್ಚಿ, ಅವ ಕೆಂಪು ಚೌಕಡಿ ಟೇಬಲ್ ಬಟ್ಟಿ. ಪಾತ್ರಿ ತೊಳ್ಯಾಕ ಸೇರಿದಾಂವ ನಾನು, ಒಲಿ ಮುಂದ ಬಂದು ನಿಂತಿದ್ನಿ. ಮಾಂಸ ಕಡಿಯೂದು, ಎಲುಬು ಕುದಿಸೂದು ನನ್ನ ಕೆಲಸ. ಎತ್ತಿನ ಎಲುಬು. ನಮ್ಮಪ್ಪ ನಸಿಕಿನ್ಯಾಗ ಎದ್ದು ಎತ್ತಿನ ಕಾಲು ಮುಟ್ಟಿ ಹಣಿಗೆ ಹಚ್ಚಿಕೊಂಡ ಮ್ಯಾಲನ ಗಳೇ ಹೂಡಾಂವ. ನನ್ನ ಕೊರಳಾಗಿನ ಲಿಂಗ ಟ್ರಂಕಿನ್ಯಾಗ ಸೇರಿ ಎಷ್ಟೋ ವರ್ಷ ಆಗಿತ್ತು. ಅಪ್ಪ ಬರೂ ದಿನ ತಗದು, ತೊಳದು, ಕಟ್ಟಿಕೊಂಡ್ನಿ.

ಅಪ್ಪ ಬಂದ. ಬಗಲಾಗ ಖಡಕ್ ರೊಟ್ಟಿ ಗಂಟು, ಶೇಂಗಾ ಹಿಂಡಿ. ಕುಂತವನ ಅಂದ, "ಮಡಿವಾಳಾ, ನಾಳಿಗೆ ನಿನ್ನ ಖಾನಾವಳ್ಯಾಗ ಉಣ್ತೇನಿ."

"ಅಲ್ಯಾಕ ಯಪ್ಪಾ? ಅವ್ವನ ರೊಟ್ಟಿ ಅದಾವಲ್ಲ."

"ನಿಮ್ಮವ್ವ ಬಾಳವ್ವ ದಿನಾ ಕೇಳ್ತಾಳ, ಮಗಾ ಅಲ್ಲಿ ಏನ್ ಉಣ್ತಾನಂತ. ನಾ ಉಂಡು ನೋಡದ ಏನ್ ಹೇಳ್ಲಿ?"

ನಾನ ಹೆಣೆದ ಬಲ್ಯಾಗ ನಾನ ಬಿದ್ದಿದ್ನಿ.

ಮದಾಮ್ ಒಳ್ಳೆಯಾಕಿ. ಗಿರಾಕಿ ಬರೂ ಮೊದಲ ಉಣ್ಣಿಸಿ ಕಳಿಸು ಅಂದ್ಲು. ಉಳ್ಳಾಗಡ್ಡಿ ಸಾರು ಆ ಬಿಸ್ತ್ರೋದ ಹೆಸರುವಾಸಿ ಅಡಿಗಿ. ಉಳ್ಳಾಗಡ್ಡಿ ಬೆಣ್ಯಾಗ ಕೆಂಪಗ ಹುರದು, ಎಲುಬು ಕುದಿಸಿದ ನೀರು ಹಾಕಿ, ಮಣ್ಣಿನ ಬಟ್ಟಲಕ್ಕ ಸುರಿದು, ಮ್ಯಾಲ ಪಾವು, ಚೀಜ್ ಇಟ್ಟು ಭಟ್ಟಿಗೆ ಹಾಕ್ತೇವಿ. ನೋಡಿದವರಿಗೆ ಬರೇ ಉಳ್ಳಾಗಡ್ಡಿನ ಕಾಣ್ತೈತಿ. ಅಪ್ಪನ ಸಲುವಾಗಿ ನಾ ಹೊಸಾ ಗಡಗಿ ಕೊಂಡು ತಂದ್ನಿ. ಹಿತ್ತಲದಾಗ ಬ್ಯಾರೆ ಸ್ಟೋ ಹಚ್ಚಿದ್ನಿ. ಎಲುಬಿನ ನೀರಿನ ಬದಲಿ ಬ್ಯಾಳಿ ಕಟ್ಟು ಹಾಕಿದ್ನಿ, ಅವ್ವ ಹೋಳಿಗಿ ದಿನ ಸಾರಿಗೆ ಹಾಕೂ ಹಂಗ. ಹೊಸಾ ಬಟ್ಟಲಕ್ಕ ಸುರಿದು, ಹೊಸಾ ತಾಟು ಮುಚ್ಚಿ, ಅಡಿಗಿಮನಿ ಕಿಡಕ್ಯಾಗ ಇಟ್ನಿ.

ಬಡಿಸಾಕ ಅಮೀನುದ್ದೀನ ಇದ್ದ. ನಮ್ಮ ಸಿಂದಗಿ ಕಡಿಯಾಂವ, ಕೆಲಸಕ್ಕ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಅವಗ ಬಿಡಿಸಿ ಹೇಳಿದ್ನಿ: "ನಮ್ಮಪ್ಪಗ ನಾ ಗುಮಾಸ್ತ. ಬಾಯಿ ಬಿಡಬ್ಯಾಡ. ಕಿಡಕ್ಯಾಗ ಮುಚ್ಚಿಟ್ಟ ಬಟ್ಟಲನ್ನ ಅವನ ಮುಂದ ಇಡು."

"ಚಿಂತಿ ಬಿಡ್ರಿ ಅಣ್ಣಾ, ನಿಮ್ಮಪ್ಪ ನಮ್ಮಪ್ಪ ಇದ್ದಂಗ," ಅಂದ.

ಅಪ್ಪನ್ನ ಮೂಲಿ ಟೇಬಲ್ಲಿಗೆ ಕುಂಡ್ರಿಸಿ, ಲೆಕ್ಕ ಬರಿಯೂದೈತಿ ಅಂತ ಸುಳ್ಳು ಹೇಳಿ ಒಳಗ ಓಡಿದ್ನಿ. ಮಧ್ಯಾಹ್ನದ ಮಾಂಸ ಕಡಿಯೂದಿತ್ತು. ಬಾಗಿಲದಾಗ ಒಂದು ದುಂಡನ ಗಾಜು. ಅದರಾಗಿಂದ ಅಪ್ಪ ಕಾಣ್ತಿದ್ದ. ಬಿಳೇ ರುಮಾಲು, ಬಗ್ಗಿದ ಬೆನ್ನು, ಟೇಬಲ್ ಬಟ್ಟಿ ಹೊಲಸಾದೀತಂತ ಕೈ ಎರಡೂ ತೊಡಿ ಮ್ಯಾಲ. ಕಡಿಯೂದು ಒಂದು ಪೆಟ್ಟು, ಇಣಿಕಿ ನೋಡೂದು ಒಂದು ಸಲ. ಒಳಗಿನವರು ಯಾರರ ಹೊರಗ ಹೋಗಿ ಏನರ ಅಂದ್ರ? ಮಾಂಸದ ವಾಸನಿ ಹೊರಗ ಹೋದ್ರ? ಗಿರಾಕಿ ಲಗೂನ ಬಂದ್ರ?

ಅಮೀನುದ್ದೀನ ಬಟ್ಟಲಾ ಒಯ್ದು ಅಪ್ಪನ ಮುಂದ ಇಟ್ಟ. ಉಗಿ ಏಳಾಕತ್ತಿತ್ತು. ಅಪ್ಪ ಖುಷಿಯಾಗಿ ಮೂಸಿ ನೋಡಿದ. ಹಾಯ್ ಅನ್ನಿಸಿತು ನನಗ. ಬೆವರು ಒರಿಸಿಕೊಂಡು ಈ ಕಡೆ ಹೊಳ್ಳಿದ್ನಿ.

ಕಿಡಕ್ಯಾಗಿನ ಬಟ್ಟಲಾ ಅಲ್ಲೇ ಇತ್ತು. ಮುಚ್ಚಿದ ತಾಟು ಮುಚ್ಚಿದಂಗನ ಇತ್ತು. ಅಷ್ಟರಾಗ ಅಮೀನುದ್ದೀನ ಒಳಗ ಬಂದ.

"ಲೇ ಅಮೀನಾ! ಯಾವುದು ಕೊಟ್ಟೀಯೋ?"

"ಅದು ಆರಿ ತಣ್ಣಗಾಗಿತ್ರಿ ಅಣ್ಣಾ. ಹಿರ್ಯಾರಿಗೆ ತಣ್ಣಂದು ಹೆಂಗ ಕೊಡೂದು? ಭಟ್ಟ್ಯಾಗಿಂದು ಬಿಸಿಬಿಸಿ ಕೊಟ್ಟೇನಿ. ಅದೂ ಉಳ್ಳಾಗಡ್ಡೀದ ಅಲ್ಲೇನ್ರಿ?"

ಅವಗೇನು ಗೊತ್ತು, ಪಾಪ. ಅವನಿಗೆ ಬೈಯಾಕೂ ನನಗ ಪುರಸೊತ್ತಿರಲಿಲ್ಲ.

ಗಾಜಿನ್ಯಾಗ ನೋಡಿದ್ನಿ. ಅಪ್ಪ ಅಂಗಿ ಒಳಗಿಂದ ಕರಡಿಗಿ ತಗದು, ಲಿಂಗವನ್ನ ಎಡಗೈಯಾಗ ಇಟ್ಟುಕೊಂಡಿದ್ದ. ಅವನ ಪದ್ಧತಿ ಅದು, ಲಿಂಗಕ್ಕ ತೋರಿಸದ ಒಂದು ಹನಿ ಬಾಯಿಗೆ ಇಡಾಂವಲ್ಲ. ಬಲಗೈಯಾಗ ಚಮಚ ತುಂಬಿದ್ದ. ಕಣ್ಣು ಮುಚ್ಚಿದ್ದ.

ಸುಮ್ನಿದ್ರ ಆಗ್ತಿತ್ತು. ಅಪ್ಪಗ ಗೊತ್ತಾಗ್ತಿರಲಿಲ್ಲ. ಜಗತ್ತಿನ್ಯಾಗ ಒಂದು ಪಿಳ್ಳಿಗೂ ಗೊತ್ತಾಗ್ತಿರಲಿಲ್ಲ. ನಾ ಗುಮಾಸ್ತನಾಗಿ ಉಳೀತಿದ್ನಿ, ಊರ ಬಾಗಿಲು ನನಗ ತಗದ ಇರ್ತಿತ್ತು. ಇದೆಲ್ಲಾ ತಲ್ಯಾಗ ಬಂತು, ಬಂದಿಲ್ಲಂತ ನಾ ಯಾಕ ಹೇಳ್ಲಿ? ಆದ್ರ ಕಾಲು ನನ್ನ ಮಾತು ಕೇಳಲಿಲ್ಲ.

"ಯಪ್ಪಾ! ಬ್ಯಾಡ! ಬಾಯಿಗೆ ಇಡಬ್ಯಾಡ!"

ಬಾಗಿಲಾ ದಬ್ಬಿ ಓಡಿ, ಅವನ ಕೈ ಹಿಡಿದ್ನಿ. ಚಮಚ ಟೇಬಲ್ ಮ್ಯಾಲ ಬಿತ್ತು. ಅಪ್ಪ ಕಣ್ಣು ತಗದ. ಮೊದಲ ನನ್ನ ಮಾರಿ ನೋಡಿದ. ಆಮ್ಯಾಲ ಎದಿ ನೋಡಿದ. ಆಮ್ಯಾಲ ನನ್ನ ಇನ್ನೊಂದು ಕೈ ನೋಡಿದ. ಆಗ ನನಗ ತಿಳೀತು, ಏಪ್ರನ್ ಎಲ್ಲಾ ರಕ್ತ ಆಗೇತಿ, ಮಾಂಸ ಕಡಿಯೂ ಚಾಕು ಇನ್ನೂ ಕೈಯಾಗನ ಐತಿ.

ಅಪ್ಪ ಲಿಂಗದ ಮ್ಯಾಲ ಮುಷ್ಟಿ ಮುಚ್ಚಿದ.

"ಇದು ಏನಿನ ಸಾರೋ?"

"ಎಲುಬಿಂದು."

"ಯಾವುದರ ಎಲುಬು?"

ನಾ ತಲಿ ಕೆಳಗ ಹಾಕಿದ್ನಿ. ಅವನೂ ಎರಡನೇ ಸಲ ಕೇಳಲಿಲ್ಲ.

"ಮಾಡಾಂವ ಯಾರು?"

"ನಾನ, ಯಪ್ಪಾ."

ಎದ್ದು ಹೊಡೀಬಹುದಿತ್ತು. ಹೊಡದಿದ್ರ ಛಲೋ ಆಗ್ತಿತ್ತು. ಅವ ಕುಂತಲ್ಲಿಂದ ಏಳಲಿಲ್ಲ.

"ನೀ ಓಡಿ ಬರದಿದ್ರ ನನಗ ಗೊತ್ತಾಗ್ತಿರಲಿಲ್ಲ," ಅಂದ.

"ಇಲ್ಲ."

"ಉಂಡು, ಊರಿಗೆ ಹೋಗಿ, ಮಗನ ಮನ್ಯಾಗ ಉಂಡಂಗಾತು ಅಂತ ನಿಮ್ಮವ್ವನ ಮುಂದ ಹೇಳ್ತಿದ್ನಿ."

"ಹೌದು."

ಅಪ್ಪ ಆ ಬಟ್ಟಲಾನ ದೂರ ಸರಿಸಿದ. "ನನಗಂತ ಬ್ಯಾರೆ ಏನರ ಮಾಡಿದ್ದೇನು?"

"ಮಾಡೇನಿ. ಹೊಸಾ ಗಡಗ್ಯಾಗ. ಬ್ಯಾಳಿ ಕಟ್ಟು ಹಾಕಿ."

"ಚಾಕು ಇಟ್ಟು ಬಾ. ಕೈ ತೊಳಕೊ. ತಗೊಂಡು ಬಾ."

ತಣ್ಣಗಾದ ಆ ಸಾರನ್ನ ತಂದು ಇಟ್ನಿ. ಅಪ್ಪ ಲಿಂಗಕ್ಕ ತೋರಿಸಿದ, ಉಂಡ. ಒಂದು ಉಳ್ಳಾಗಡ್ಡಿ ಎಸಳು ಬಿಡಲಿಲ್ಲ. ಮನ್ಯಾಗ ಮಾಡೂ ಹಂಗ ಬಟ್ಟಲಕ್ಕ ನೀರು ಹಾಕಿ, ಬೆರಳಲೆ ತೊಳದು, ಆ ನೀರೂ ಕುಡದ. ಛಲೋ ಐತಿ ಅನ್ನಲಿಲ್ಲ. ಕೆಟ್ಟ ಐತಿ ಅನ್ನಲಿಲ್ಲ.

ಸಂಜಿಗೆ ಬೋರಿಬಂದರ ಸ್ಟೇಶನ್ನಿಗೆ ಕರಕೊಂಡು ಹೋದ್ನಿ. ಸೊಲ್ಲಾಪುರ ಗಾಡಿ ಹತ್ತಿ ಕಿಡಕಿ ಬಾಜೂ ಕುಂತ. ಎದುರಿಗೆ ಯಾರು ಅಂತೀರಿ? ಇಂಡಿ ಊರಿನ ಅಡತಿ ಅಂಗಡಿ ಬಸಂತರಾಯ! ನಮ್ಮ ಬೀಗರ ಪೈಕಿ. ಅವನ ಕಿವಿಗೆ ಬಿದ್ದದ್ದು ಮರುದಿನ ಬಾಗೇವಾಡಿ ಸಂತ್ಯಾಗ ಇರ್ತಿತ್ತು.

"ಏನ್ರಿ ಪರಪ್ಪಣ್ಣಾ, ಮಗನ ಕಡೆ ಬಂದಿದ್ರ್ಯಾ? ಏನ್ ಮಾಡ್ತಾನ ಹುಡುಗ ಇಲ್ಲಿ?"

ಕಿಡಕಿ ಸರಳು ಗಟ್ಟಿ ಹಿಡಕೊಂಡು ನಿಂತ್ನಿ. ಖರೆ ಬಿಟ್ಟು ಇನ್ನೊಂದು ಮಾತು ಆಡಿ ಗೊತ್ತಿಲ್ಲದ ಬಾಯಿ ಅದು. ಆಡಿತಂದ್ರ ನನ್ನ ಊರು, ನಮ್ಮವ್ವನ ಮಾನ, ಎಲ್ಲಾ ಅಲ್ಲಿಗೆ ಮುಗೀತು.

ಅಪ್ಪನ ಕೈ ಅಂಗಿ ಒಳಗಿನ ಕರಡಿಗಿ ಮ್ಯಾಲ ಹೋತು. ಅಲ್ಲೇ ನಿಂತಿತು. ಆಮ್ಯಾಲ ಆ ಕೈ ತಗದು ತೊಡಿ ಮ್ಯಾಲ ಇಟ್ಟುಕೊಂಡ.

"ಗುಮಾಸ್ತ ಅದಾನ್ರಿ," ಅಂದ. "ಶಾಕಾಹಾರಿ ಖಾನಾವಳಿ. ನಾನ ಉಂಡು ಬಂದೇನಿ."

"ಛಲೋ ಆತು ಬಿಡ್ರಿ!" ಅಂದ ಬಸಂತರಾಯ. ಪರಪ್ಪನ ಮಾತಿನ ಮ್ಯಾಲ ಅವ ಮತ್ತೇನು ಕೇಳ್ಯಾನು?

ಗಾಡಿ ಸೀಟಿ ಹೊಡೀತು. ಅಪ್ಪ ಕಿಡಕಿ ಕಡೆ ಬಗ್ಗಿದ. ಅವನ ಕಣ್ಣಾಗ ಅಂಜಿಕಿ ನಾ ಅಲ್ಲಿಮಟಾ ಕಂಡಿದ್ದಿಲ್ಲ. ಬಸಂತರಾಯಗ ಕೇಳಬಾರದಂತ ಸಣ್ಣ ದನಿಲೆ ಕೇಳಿದ:

"ನಿಮ್ಮವ್ವಗೂ ಇದನ್ನ ಹೇಳ್ಲೇನೋ, ಮಡಿವಾಳಾ?"

ನಾ ಹೂಂ ಅಂದ್ನಿ.