ಅಪ್ಪನ ಕಿವಿಗೆ ಬೀಳುವಂತೆ

ನಿಶ್ಚಿತಾರ್ಥದ ಮರುದಿನ ಮದುವೆಯ ಮಾತಿಗೆ ಮನೆಯವರು ಕೂತಾಗ ಸೋದರಮಾವ ಮೊದಲು ಎತ್ತಿದ್ದು ಬ್ಯಾಂಡಿನ ವಿಚಾರ.

"ಬ್ಯಾಂಡು ಬೇಡ ಮಾವ," ಎಂದಳು ಮದುಮಗಳು.

"ಇದೇನೇ, ಮದುವೆನಾ ಮೌನವ್ರತಾನಾ? ಜನ ಏನಂತಾರೆ!"

ಅವಳು ಅಪ್ಪನ ಕಡೆ ನೋಡಿದಳು. ದರ್ಜಿ ಕೆಲಸ ಮಾಡುವ ಅಪ್ಪನಿಗೆ ಕಿವಿಯ ಮಷೀನಿಲ್ಲದೆ ಏನೂ ಕೇಳಿಸದು. ಗದ್ದಲವಾದರೆ ಅದು ಕಿರುಚುತ್ತದೆಂದು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾನೆ. ನಿನ್ನೆ ಉಂಗುರ ತೊಡಿಸುವಾಗಲೂ ಹಾಡಿನ ಅಬ್ಬರಕ್ಕೆ ಹಾಗೇ ಮಾಡಿ, ಒಂದು ಮಾತೂ ಕೇಳಿಸದೆ ಸುಮ್ಮನೆ ನಿಂತಿದ್ದ.

"ಮದುವೆ ದಿನ ನಾನು ಒಪ್ಪಿದ್ದೀನಿ ಅಂತ ಹೇಳೋದು ಅಪ್ಪಂಗೆ ಕೇಳಿಸ್ಬೇಕು, ಅಷ್ಟೇ," ಎಂದಳು.

"ನನ್ನೊಬ್ಬನ ಕಿವಿಗೋಸ್ಕರ ಎಲ್ಲರ ಖುಷಿ ಯಾಕೆ ಕೆಡಿಸ್ತೀಯ ಪುಟ್ಟೀ," ಎಂದ ಅಪ್ಪ.

ಮಾತುಕತೆಗೆಂದು ಬಂದಿದ್ದ ಭಾವೀ ಅಳಿಯ ಮೆಲ್ಲಗೆ ಬಾಯಿಬಿಟ್ಟ. "ಊಟದ ಹೊತ್ತಿಗೆ ಬಾರಿಸ್ಲಿ ಬಿಡಿ. ನಾವು ಮಾತು ಕೊಡೋವಾಗ ಮಾತ್ರ ಯಾರೂ ಸದ್ದು ಮಾಡೋದು ಬೇಡ."

ಸೋದರಮಾವ ಗೊಣಗುತ್ತಲೇ ಒಪ್ಪಿದ.

"ಅಯ್ಯೋ, ಹಾಗಾದ್ರೆ ನಿಮ್ಮಮ್ಮ ಅಳೋದನ್ನೂ ಕೇಳಿಸ್ಕೊಬೇಕಲ್ಲ ಪುಟ್ಟೀ!" ಎಂದ ಅಪ್ಪ.

"ನಾನ್ಯಾಕೆ ಅಳ್ಲಿ?" ಎನ್ನುತ್ತ ಅಮ್ಮ ಅವನ ಪಕ್ಕ ಬಂದು ಕೂತಳು. "ಅವಳ ಮಾತು ನಂಗೂ ಕೇಳಿಸ್ಬೇಕು."